ಉಸಿರಿನ ಹಾದಿ

ನಮ್ಮ ಹಳ್ಳಿಗಳ ಅಡುಗೆಮನೆಗಳಲ್ಲಿ ಒಲೆಯ ಪಕ್ಕದಲ್ಲಿ ಒಂದು ಊದುಗೊಳವೆ ಇರುತ್ತಿತ್ತು. ಈಗಲೂ ಕೆಲವು ಮನೆಗಳಲ್ಲಿ ಇದೆ. ಹಸಿ ಸೌದೆ ಹೊಗೆಯಾಡತೊಡಗಿದಾಗ ಮನೆಯಾಕೆ ಆ ಕೊಳವೆಗೆ ಬಾಯಿಟ್ಟು ಊದುತ್ತಾಳೆ. ಬೆಂಕಿ ಹೊತ್ತಿಕೊಳ್ಳುತ್ತದೆ, ಆದರೆ ಉಸಿರನ್ನು ಮರಳಿ ಎಳೆದುಕೊಳ್ಳುವಾಗ ಹೊಗೆಯೂ ಒಳಕ್ಕೆ ಹೋಗುತ್ತದೆ. ಹೀಗೆ ಮೂವತ್ತು ನಲವತ್ತು ವರ್ಷ ಒಲೆಯ ಮುಂದೆ ಕುಳಿತವರಲ್ಲಿ ಅನೇಕರಿಗೆ ಮುಪ್ಪಿನಲ್ಲಿ ಬಿಡದ ಕೆಮ್ಮು ಅಂಟಿಕೊಳ್ಳುತ್ತದೆ. ಬೆಳಗಿನ ಜಾವದಲ್ಲಿ ಎದ್ದು ಕುಳಿತು, ಎದೆಯಲ್ಲಿ ಕಟ್ಟಿದ ಕಫವನ್ನು ಹೊರಹಾಕಲು ಅವರು ಪಡುವ ಪಾಡನ್ನು ಕಂಡವರು ಮರೆಯಲಾರರು. ಇಂಥ ಬೇನೆಗೆ ಊದುವ ಇನ್ನೊಂದು ಬಗೆಯ ಕೊಳವೆಯೇ ಸ್ವಲ್ಪಮಟ್ಟಿನ ಪರಿಹಾರವನ್ನು ಕೊಡಬಲ್ಲದು ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆ ಕೊಳವೆ ಯಾವುದು, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೊದಲು ನಮ್ಮ ಉಸಿರಿನ ಹಾದಿಯ ಪರಿಚಯ ಮಾಡಿಕೊಳ್ಳಬೇಕು.

ಮೂಗಿನಿಂದ ಒಳಹೊಕ್ಕ ಗಾಳಿ ಗಂಟಲನ್ನು ದಾಟಿ ಶ್ವಾಸನಾಳವನ್ನು ಸೇರುತ್ತದೆ. ಈ ನಾಳ ಎದೆಯೊಳಗೆ ಎರಡಾಗಿ ಕವಲೊಡೆದು, ಬಲ ಎಡ ಶ್ವಾಸಕೋಶಗಳನ್ನು ಪ್ರವೇಶಿಸುತ್ತದೆ. ಒಂದೊಂದು ಕವಲೂ ಮತ್ತೆ ಎರಡಾಗಿ, ಅವು ಮತ್ತೆ ಎರಡೆರಡಾಗಿ, ಸುಮಾರು ಇಪ್ಪತ್ತಮೂರು ಬಾರಿ ಕವಲೊಡೆಯುತ್ತವೆ. ಮರವೊಂದನ್ನು ತಲೆಕೆಳಗಾಗಿ ಹಿಡಿದಂತೆ ಈ ರಚನೆ ಕಾಣುತ್ತದೆ. ಕೊನೆಯ ಕಿರುಕವಲುಗಳ ತುದಿಯಲ್ಲಿ ದ್ರಾಕ್ಷಿಯ ಗೊಂಚಲಿನಂತೆ ಗಾಳಿಗೂಡುಗಳಿವೆ. ಇವುಗಳ ಸಂಖ್ಯೆ 30 ಕೋಟಿಗೆ ಕಡಿಮೆಯಿಲ್ಲ. ಅವೆಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರು ನೆಲವನ್ನು ಮುಚ್ಚಬಹುದು. ಗಾಳಿಯ ಆಮ್ಲಜನಕ ರಕ್ತವನ್ನು ಸೇರುವುದೂ, ರಕ್ತದ ಇಂಗಾಲದ ಡೈ ಆಕ್ಸೈಡ್ ಹೊರಬರುವುದೂ ಇಲ್ಲಿಯೇ.

ಒಬ್ಬ ಮನುಷ್ಯ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಲೀಟರುಗಳಷ್ಟು ಗಾಳಿಯನ್ನು ಒಳಗೆ ಎಳೆದು ಹೊರಗೆ ಬಿಡುತ್ತಾನೆ. ಅದರ ಜೊತೆಯಲ್ಲಿ ಧೂಳು, ಹೊಗೆಯ ಕಣಗಳು, ಹೂವಿನ ಪರಾಗ, ರೋಗಾಣುಗಳು ಎಲ್ಲವೂ ಬರುತ್ತವೆ. ಹೀಗಿರಲು ಶ್ವಾಸಕೋಶಗಳು ಕೆಲವೇ ದಿನಗಳಲ್ಲಿ ಕಸದಿಂದ ತುಂಬಿಹೋಗಬೇಕಾಗಿತ್ತಲ್ಲವೆ? ಹಾಗಾಗದಂತೆ ಪ್ರಕೃತಿ ಒಂದು ಸೊಗಸಾದ ವ್ಯವಸ್ಥೆಯನ್ನು ಮಾಡಿದೆ.

ಶ್ವಾಸನಾಳಗಳ ಒಳಗೋಡೆಯ ಮೇಲೆ ತೆಳುವಾದ ಲೋಳೆಯ ಪದರವಿದೆ. ಇದರಲ್ಲಿ ಬಹುಪಾಲು ನೀರೇ. ಉಳಿದ ಅಲ್ಪಭಾಗದಲ್ಲಿರುವ ಕೆಲವು ವಸ್ತುಗಳು ಅದಕ್ಕೆ ಅಂಟುಗುಣವನ್ನು ಕೊಡುತ್ತವೆ. ಒಳಬಂದ ಕಣಗಳು ಈ ಅಂಟಿಗೆ ಸಿಕ್ಕಿಕೊಳ್ಳುತ್ತವೆ. ಲೋಳೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಾಂಗಗಳು ಒತ್ತೊತ್ತಾಗಿ ನಿಂತಿವೆ. ಒಂದು ರೋಮಾಂಗದ ಉದ್ದ ಒಂದು ಮಿಲಿಮೀಟರಿನ ನೂರೈವತ್ತರಲ್ಲಿ ಒಂದು ಭಾಗದಷ್ಟು ಮಾತ್ರ. ಒಂದೇ ಜೀವಕೋಶದ ಮೇಲೆ ಸುಮಾರು ಇನ್ನೂರು ರೋಮಾಂಗಗಳಿರುತ್ತವೆ. ಸೆಕೆಂಡಿಗೆ ಹತ್ತರಿಂದ ಹದಿನೈದು ಬಾರಿ ಇವು ಒಂದೇ ದಿಕ್ಕಿಗೆ ಬಡಿಯುತ್ತವೆ. ಗಾಳಿಗೆ ಬಾಗುವ ಬತ್ತದ ಪೈರಿನಲ್ಲಿ ಅಲೆ ಹರಿದಂತೆ ಇಲ್ಲಿಯೂ ಅಲೆಯ ಮೇಲೆ ಅಲೆ ಹರಿಯುತ್ತದೆ. ಈ ಅಲೆಗಳ ಮೇಲೆ ಲೋಳೆಯ ಪದರ ನಿಮಿಷಕ್ಕೆ ಕೆಲವು ಮಿಲಿಮೀಟರುಗಳಷ್ಟು ಮೇಲಕ್ಕೆ ಸಾಗಿ ಗಂಟಲನ್ನು ಮುಟ್ಟುತ್ತದೆ. ಅಲ್ಲಿಂದ ನಾವು ಅದನ್ನು ನಮಗೆ ಅರಿವಿಲ್ಲದೆಯೇ ನುಂಗಿಬಿಡುತ್ತೇವೆ. ಹಗಲಿರುಳೂ ನಡೆಯುವ ಈ ಕಸಗುಡಿಸುವ ಕೆಲಸ ಆರೋಗ್ಯವಂತರ ಗಮನಕ್ಕೆ ಬರುವುದೇ ಇಲ್ಲ.

ಈ ಮೊದಲನೆಯ ವ್ಯವಸ್ಥೆಗೆ ಎರಡನೆಯ ಬೆಂಬಲವೊಂದಿದೆ. ಅದೇ ಕೆಮ್ಮು. ಕೆಮ್ಮುವ ಮೊದಲು ನಾವು ಉಸಿರನ್ನು ಆಳವಾಗಿ ಎಳೆದುಕೊಳ್ಳುತ್ತೇವೆ. ಕ್ಷಣಕಾಲ ಗಂಟಲಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಎದೆ ಮತ್ತು ಹೊಟ್ಟೆಯ ಸ್ನಾಯುಗಳು ಬಿಗಿದು ಒಳಗಿನ ಒತ್ತಡ ಏರುತ್ತದೆ. ಆಮೇಲೆ ಬಾಗಿಲು ಫಕ್ಕನೆ ತೆರೆದು, ಗಾಳಿ ಸ್ಫೋಟದಂತೆ ಹೊರಬರುತ್ತದೆ. ಅದರ ರಭಸಕ್ಕೆ ಸಿಕ್ಕಿದ ಕಫ ಹೊರಕ್ಕೆ ಎಸೆಯಲ್ಪಡುತ್ತದೆ. ಕೆಮ್ಮನ್ನು ನಾವು ರೋಗವೆಂದು ಭಾವಿಸುತ್ತೇವೆ. ವಾಸ್ತವವಾಗಿ ಅದು ದೇಹದ ಕಾವಲುಗಾರ.

ಆದರೆ ಕೆಲವು ರೋಗಗಳಲ್ಲಿ ಈ ಎರಡು ವ್ಯವಸ್ಥೆಗಳೂ ಸೋಲುತ್ತವೆ. ಬೀಡಿ ಸಿಗರೇಟುಗಳ ಹೊಗೆ, ಒಲೆಯ ಹೊಗೆ, ಕಾರ್ಖಾನೆಯ ಧೂಳು ಇವು ಬಹುಕಾಲ ಒಳಹೋದರೆ ರೋಮಾಂಗಗಳು ಹಾಳಾಗುತ್ತವೆ. ಲೋಳೆಯನ್ನು ಸುರಿಸುವ ಗ್ರಂಥಿಗಳು ಮಾತ್ರ ಹಿಗ್ಗಿ ಮೊದಲಿಗಿಂತ ಹೆಚ್ಚು ಸುರಿಸುತ್ತವೆ. ಗುಡಿಸುವವರು ಕಡಿಮೆಯಾಗಿ ಕಸ ಹೆಚ್ಚಾದಂತೆ! ನಮ್ಮ ಹಿರಿಯರು ಗೂರಲು ಎಂದು ಕರೆಯುತ್ತಿದ್ದ ತೊಂದರೆಗಳಲ್ಲಿ ಇದೂ ಒಂದು. ವೈದ್ಯರು ಇದನ್ನು ಈಗ ಸಿ.ಒ.ಪಿ.ಡಿ. ಎಂದು ಕರೆಯುತ್ತಾರೆ. ಇನ್ನೊಂದು ರೋಗದ ಹೆಸರು ಬ್ರಾಂಕಿಯೆಕ್ಟಾಸಿಸ್. ಕ್ಷಯ, ನ್ಯೂಮೋನಿಯ, ನಾಯಿಕೆಮ್ಮು ಮುಂತಾದವು ವಾಸಿಯಾದ ಮೇಲೆಯೂ ಕೆಲವರಲ್ಲಿ ಶ್ವಾಸನಾಳಗಳ ಗೋಡೆ ಶಿಥಿಲವಾಗಿ, ನಾಳಗಳು ಶಾಶ್ವತವಾಗಿ ಹಿಗ್ಗಿಬಿಡುತ್ತವೆ. ದಡ ಕುಸಿದು ಅಗಲವಾದ ಕಾಲುವೆಯಲ್ಲಿ ನೀರು ಹರಿಯದೆ ಹೂಳು ನಿಲ್ಲುವಂತೆ, ಹಿಗ್ಗಿದ ನಾಳಗಳಲ್ಲಿ ಕಫ ನಿಲ್ಲುತ್ತದೆ. ಮೂರನೆಯದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗ. ಇದನ್ನು ನ್ಯೂಯಾರ್ಕಿನ ವೈದ್ಯೆ ಡೊರೊತಿ ಆಂಡರ್ಸನ್ ಅವರು 1938ರಲ್ಲಿ ಪ್ರತ್ಯೇಕ ರೋಗವೆಂದು ವಿವರಿಸಿದರು. ಇದರಲ್ಲಿ ಲೋಳೆ ಹುಟ್ಟಿನಿಂದಲೇ ಅತಿ ಮಂದವಾಗಿರುತ್ತದೆ.

ಕಾರಣ ಯಾವುದೇ ಇರಲಿ, ಮುಂದಿನ ಕಥೆ ಒಂದೇ. ನಿಂತ ಕಫದಲ್ಲಿ ರೋಗಾಣುಗಳು ಬೆಳೆಯುತ್ತವೆ. ಅವುಗಳೊಡನೆ ದೇಹ ಹೋರಾಡುವಾಗ ನಾಳದ ಗೋಡೆಗೆ ಇನ್ನಷ್ಟು ಗಾಯವಾಗುತ್ತದೆ. ಗಾಯಗೊಂಡ ಗೋಡೆ ಇನ್ನಷ್ಟು ಕಫವನ್ನು ನಿಲ್ಲಿಸಿಕೊಳ್ಳುತ್ತದೆ. ಈ ವಿಷಚಕ್ರವನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು. ಔಷಧಿಗಳು ರೋಗಾಣುಗಳನ್ನು ಕೊಲ್ಲಬಲ್ಲವು. ಆದರೆ ನಿಂತ ಕಫವನ್ನು ದಿನದಿನವೂ ಹೊರಹಾಕದಿದ್ದರೆ ಅವು ಮತ್ತೆ ಬಂದು ನೆಲಸುತ್ತವೆ.

ಜೋರಾಗಿ ಕೆಮ್ಮಿದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ರೋಗಪೀಡಿತ ನಾಳಗಳು ಮೆತ್ತಗಾಗಿರುತ್ತವೆ. ಬಲವಾಗಿ ಉಸಿರು ಬಿಟ್ಟಾಗ ಸುತ್ತಲಿನ ಒತ್ತಡಕ್ಕೆ ಅವು ಕುಗ್ಗಿ ಮುಚ್ಚಿಕೊಳ್ಳುತ್ತವೆ. ಒದ್ದೆಯಾದ ಕಾಗದದ ಕೊಳವೆಯನ್ನು ಹೀರಿದರೆ ಅದು ಚಪ್ಪಟೆಯಾಗುವುದನ್ನು ನೀವು ನೋಡಿರಬಹುದು, ಸುಮಾರಾಗಿ ಹಾಗೆಯೇ. ಕಫ ಮುಚ್ಚಿದ ನಾಳದ ಹಿಂದೆ ಉಳಿದುಬಿಡುತ್ತದೆ. ರೋಗಿ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಾನೆಯೇ ಹೊರತು ಕಫ ಹೊರಡುವುದಿಲ್ಲ.

ಬ್ರಾಂಕಿಯೆಕ್ಟಾಸಿಸ್ ರೋಗವನ್ನು ಮೊದಲು ವಿವರಿಸಿದವರು ಫ್ರಾನ್ಸಿನ ವೈದ್ಯ ರೆನೆ ಲೆನೆಕ್. 1816ರಲ್ಲಿ ಸ್ಟೆತೊಸ್ಕೋಪನ್ನು ಕಂಡುಹಿಡಿದವರೂ ಇವರೇ. ಆ ಹೊಸ ಕೊಳವೆಯಿಂದ ರೋಗಿಗಳ ಎದೆಯ ಸದ್ದನ್ನು ಆಲಿಸಿ, 1819ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಈ ರೋಗದ ಲಕ್ಷಣಗಳನ್ನು ಬರೆದರು. ಆದರೆ ಚಿಕಿತ್ಸೆಯ ಮಾರ್ಗ ಬಹುಕಾಲದವರೆಗೆ ತೋರಲಿಲ್ಲ. ಲಂಡನ್ನಿನ ವೈದ್ಯ ವಿಲಿಯಂ ಎವರ್ಟ್ 1901ರಲ್ಲಿ ಒಂದು ಸರಳ ಉಪಾಯವನ್ನು ಪ್ರಚಾರಕ್ಕೆ ತಂದರು. ರೋಗಿಯ ಶರೀರವನ್ನು ಓರೆಯಾಗಿ, ಕಫ ನಿಂತಿರುವ ಭಾಗ ಮೇಲಕ್ಕೆ ಬರುವಂತೆ ಮಲಗಿಸಿದರೆ, ಕಫ ತನ್ನ ಭಾರದಿಂದಲೇ ಗಂಟಲಿನ ಕಡೆಗೆ ಜಾರುತ್ತದೆ ಎಂಬುದೇ ಆ ಉಪಾಯ. ತುಪ್ಪದ ಭರಣಿಯನ್ನು ಬಗ್ಗಿಸಿ ಇಳಿಸುವಂತೆ! ಮುಂದೆ ಇದಕ್ಕೆ ಮತ್ತೊಂದು ಕ್ರಮ ಸೇರಿತು. ಹಾಗೆ ಮಲಗಿದವನ ಎದೆ ಬೆನ್ನುಗಳನ್ನು ಮತ್ತೊಬ್ಬರು ಬೊಗಸೆಗೈಯಿಂದ ಲಯಬದ್ಧವಾಗಿ ತಟ್ಟುತ್ತಿದ್ದರು. ಮಂದವಾದ ಟೊಮೇಟೊ ಸಾಸಿನ ಸೀಸೆಯನ್ನು ತಲೆಕೆಳಗಾಗಿ ಹಿಡಿದು ತಟ್ಟುವುದಕ್ಕೆ ಪಾಶ್ಚಾತ್ಯ ವೈದ್ಯರು ಇದನ್ನು ಹೋಲಿಸಿದರು.

ಈ ವಿಧಾನದಿಂದ ಸಾವಿರಾರು ರೋಗಿಗಳಿಗೆ ಉಪಕಾರವಾಗಿದೆ. ಆದರೆ ಅದರಲ್ಲಿ ಒಂದು ದೊಡ್ಡ ಕೊರತೆಯಿತ್ತು. ರೋಗಿ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲಾರ. ಮನೆಯವರಲ್ಲಿ ಒಬ್ಬರು ದಿನಕ್ಕೆ ಎರಡು ಸಲ, ವರ್ಷವಿಡೀ, ಹಬ್ಬವಿರಲಿ ಹುಣ್ಣಿಮೆಯಿರಲಿ, ಈ ಕೆಲಸಕ್ಕೆ ನಿಲ್ಲಬೇಕು. ಮಗುವಾಗಿದ್ದಾಗ ತಾಯಿ ಮಾಡಿಯಾಳು. ಆ ಮಗು ಬೆಳೆದು, ಓದಿಗೋ ಉದ್ಯೋಗಕ್ಕೋ ಬೇರೆ ಊರಿಗೆ ಹೋಗಬೇಕೆಂದರೆ? ಇನ್ನೊಬ್ಬರ ಕೈಯಿಲ್ಲದೆ ಒಂದು ರಾತ್ರಿಯನ್ನೂ ಕಳೆಯಲಾಗದ ಬಾಳು ಎಷ್ಟು ಸಂಕೋಚದ್ದೆಂಬುದನ್ನು ಊಹಿಸಿಕೊಳ್ಳಿ. ಹೀಗಾಗಿ ಕಫವನ್ನು ರೋಗಿ ತಾನಾಗಿಯೇ ಹೊರಹಾಕುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ವೈದ್ಯರನ್ನು ಕಾಡತೊಡಗಿತು.

ಮೊದಲ ಉತ್ತರ ಯಾವ ಸಾಧನವೂ ಇಲ್ಲದೆ ದೊರೆಯಿತು. 1968ರಲ್ಲಿ ನ್ಯೂಜಿಲೆಂಡಿನಿಂದ ಒಂದು ಉಸಿರಾಟದ ಕ್ರಮ ವರದಿಯಾಯಿತು. ಕನ್ನಡಕದ ಗಾಜನ್ನು ಒರೆಸುವ ಮುನ್ನ ನಾವು ಬಾಯಿ ತೆರೆದು ಅದರ ಮೇಲೆ 'ಹಾ' ಎಂದು ಬಿಸಿಯುಸಿರು ಬಿಡುತ್ತೇವಲ್ಲವೆ? ಅದನ್ನೇ ಸ್ವಲ್ಪ ಬಲವಾಗಿ, ಹೊಟ್ಟೆಯ ಸ್ನಾಯುಗಳನ್ನು ಬಳಸಿ ಮಾಡುವುದು. ಇಲ್ಲಿ ಕೆಮ್ಮಿನಂತೆ ಗಂಟಲು ಮುಚ್ಚುವುದಿಲ್ಲ. ಆದುದರಿಂದ ನಾಳಗಳು ಅಷ್ಟಾಗಿ ಕುಗ್ಗುವುದೂ ಇಲ್ಲ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯ ಫಿಸಿಯೊಥೆರಪಿಸ್ಟರು 1979ರ ಸುಮಾರಿನಲ್ಲಿ ಇದನ್ನು ಬೆಳೆಸಿ, ಶಾಂತವಾದ ಉಸಿರಾಟ, ಆಳವಾದ ಉಸಿರಾಟ, 'ಹಾ' ಎಂಬ ಊದುವಿಕೆ ಇವು ಒಂದಾದ ಮೇಲೊಂದು ಬರುವ ಚಿಕಿತ್ಸಾಕ್ರಮವನ್ನು ರೂಪಿಸಿದರು. ಇಂದಿಗೂ ಎಲ್ಲ ಸಾಧನಗಳ ಜೊತೆಯಲ್ಲಿ ಈ 'ಹಾ' ಎಂಬ ಊದುವಿಕೆ ಇದ್ದೇ ಇರುತ್ತದೆ.

ಎರಡನೆಯ ಉತ್ತರ ಡೆನ್ಮಾರ್ಕಿನಿಂದ ಬಂದಿತು. ಅಲ್ಲಿನ ವೈದ್ಯರು 1984ರಲ್ಲಿ ಒಂದು ಮುಖವಾಡದ ಪ್ರಯೋಗಫಲವನ್ನು ಪ್ರಕಟಿಸಿದರು. ಅದರ ಮೂಲಕ ಉಸಿರನ್ನು ಸಲೀಸಾಗಿ ಎಳೆದುಕೊಳ್ಳಬಹುದು. ಆದರೆ ಬಿಡುವಾಗ ಗಾಳಿ ಒಂದು ಕಿರಿದಾದ ರಂಧ್ರದಿಂದ ಮಾತ್ರ ಹೊರಹೋಗಬೇಕು. ಹೊರಹೋಗಲು ಅಡ್ಡಿಯಾದಾಗ ಗಾಳಿ ಹಿಂದಕ್ಕೆ ಒತ್ತುತ್ತದೆ. ಈ ಹಿನ್ನೊತ್ತಡವೇ ಮದ್ದು. ಮೆತ್ತಗಿನ ನಾಳಗಳಿಗೆ ಅದು ಒಳಗಿನಿಂದ ಊರೆ ಕೊಟ್ಟಂತಾಗಿ, ಅವು ಕುಗ್ಗದೆ ತೆರೆದೇ ಇರುತ್ತವೆ. ಇನ್ನೊಂದು ಲಾಭವೂ ಇದೆ. ನೆರೆಹೊರೆಯ ಗಾಳಿಗೂಡುಗಳ ನಡುವೆ ಅತಿ ಸೂಕ್ಷ್ಮವಾದ ಕಂಡಿಗಳಿವೆ. ಒಂದು ನಾಳ ಕಫದಿಂದ ಮುಚ್ಚಿಹೋಗಿದ್ದರೂ, ಹಿನ್ನೊತ್ತಡದಿಂದ ಗಾಳಿ ಪಕ್ಕದ ಕಂಡಿಗಳ ಮೂಲಕ ನುಸುಳಿ ಕಫದ ಹಿಂಭಾಗವನ್ನು ಸೇರುತ್ತದೆ. ಮುಂಬಾಗಿಲು ಹಾಕಿದ್ದರೆ ಹಿತ್ತಿಲಿನಿಂದ ಬಂದಂತೆ! ಹಿಂದೆ ಸೇರಿದ ಗಾಳಿ ಕಫವನ್ನು ಮುಂದಕ್ಕೆ ತಳ್ಳುತ್ತದೆ.

ಈ ತತ್ತ್ವವನ್ನು ತೋರಿಸಲು ಬೆಲೆಬಾಳುವ ಯಂತ್ರವೇನೂ ಬೇಕಾಗಿಲ್ಲ. ಒಂದು ಸೀಸೆ, ಸ್ವಲ್ಪ ನೀರು, ಒಂದು ಕೊಳವೆ ಸಾಕು. ತೆರೆದ ಬಾಯಿಯ ಸೀಸೆಯಲ್ಲಿ ಹತ್ತು ಸೆಂಟಿಮೀಟರಿನಷ್ಟು ನೀರು ತುಂಬಿ, ಸುಮಾರು ಒಂದು ಸೆಂಟಿಮೀಟರು ಒಳ ಅಗಲವಿರುವ ಕೊಳವೆಯನ್ನು ತಳ ಮುಟ್ಟುವ ಹಾಗೆ ಇಳಿಬಿಡುತ್ತಾರೆ. ಅದರ ಮೇಲ್ತುದಿಯನ್ನು ಬಾಯಲ್ಲಿಟ್ಟು ರೋಗಿ ನಿಧಾನವಾಗಿ ಊದುತ್ತಾನೆ. ಕೊಳವೆಯೊಳಗೂ ನೀರು ಹೊರಗಿನ ಮಟ್ಟಕ್ಕೇ ನಿಂತಿರುತ್ತದೆ. ಆ ಹತ್ತು ಸೆಂಟಿಮೀಟರು ನೀರನ್ನು ಕೆಳಕ್ಕೆ ದಬ್ಬಿದ ಹೊರತು ಗುಳ್ಳೆ ಹೊರಬರದು. ಆದುದರಿಂದ ಊದುವವನು ಹತ್ತು ಸೆಂಟಿಮೀಟರು ನೀರಿನ ಒತ್ತಡವನ್ನು ಎದುರಿಸಲೇಬೇಕು. ದ್ರವದೊಳಗಿನ ಒತ್ತಡ ಅದರ ಆಳವನ್ನು ಅವಲಂಬಿಸಿದೆ ಎಂದು ವಿಜ್ಞಾನದ ಪಾಠದಲ್ಲಿ ನೀವು ಓದಿರುವಿರಿ. ಆ ನಿಯಮವೇ ಇಲ್ಲಿ ಚಿಕಿತ್ಸೆಯ ಅಳತೆಗೋಲು. ಈ ಒತ್ತಡ ವಾಯುಮಂಡಲದ ಒತ್ತಡದ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಆದರೆ ನಾಳಗಳನ್ನು ತೆರೆದಿಡಲು ಅದೇ ಸಾಕು. ಸಾಮಾನ್ಯವಾಗಿ ಈ ಚಿಕಿತ್ಸೆಗೆ ಹತ್ತರಿಂದ ಇಪ್ಪತ್ತು ಸೆಂಟಿಮೀಟರು ನೀರಿನ ಒತ್ತಡವನ್ನು ಬಳಸುತ್ತಾರೆ. ಕೊಳವೆ ತೀರ ಸಣ್ಣದಾದರೆ ಅದರ ಘರ್ಷಣೆಯೂ ಸೇರಿ ಒತ್ತಡ ಲೆಕ್ಕಕ್ಕೆ ಮೀರಿ ಏರುತ್ತದೆ. ಆದ್ದರಿಂದಲೇ ಅಗಲದ ಬಗ್ಗೆ ಎಚ್ಚರ. ಗಾಳಿ ಹೊರಹೋಗುವಂತೆ ಸೀಸೆಯ ಬಾಯಿ ತೆರೆದಿರಬೇಕಾದುದೂ ಅಗತ್ಯ. ಇಂಗ್ಲೆಂಡಿನಲ್ಲಿ ಮಕ್ಕಳಿಗಾಗಿ ಈ ನೀರಿಗೆ ಬಣ್ಣವನ್ನೂ ಸಾಬೂನಿನ ದ್ರಾವಣವನ್ನೂ ಹಾಕುವುದುಂಟು. ಬಣ್ಣದ ನೊರೆ ಸೀಸೆಯಿಂದ ಉಕ್ಕಿ ಬರುವುದನ್ನು ನೋಡುತ್ತ ಮಗು ಚಿಕಿತ್ಸೆಯನ್ನು ಆಟವೆಂದೇ ತಿಳಿಯುತ್ತದೆ.

ಮೂರನೆಯ ಹೆಜ್ಜೆಯನ್ನು ಇಟ್ಟದ್ದು ಸ್ವಿಟ್ಜರ್‌ಲೆಂಡಿನವರು. 1980ರ ದಶಕದ ಕೊನೆಯಲ್ಲಿ ಅಲ್ಲಿ ಫ್ಲಟರ್ ಎಂಬ ಸಾಧನ ಹೊರಬಂದಿತು. ನೋಡಲು ಇದು ಹೊಗೆ ಸೇದುವ ಚಿಲುಮೆಯಂತೆಯೇ ಇದೆ. ಶ್ವಾಸಕೋಶವನ್ನು ಕೆಡಿಸುವ ವಸ್ತುವಿನ ಆಕಾರವನ್ನೇ ಶ್ವಾಸಕೋಶಕ್ಕೆ ನೆರವಾಗುವ ವಸ್ತುವೂ ಪಡೆದಿರುವುದು ವಿನೋದವಲ್ಲವೆ? ಚಿಲುಮೆಯ ತಲೆಯಲ್ಲಿ ತಂಬಾಕಿನ ಬದಲು ಆಲಿಕೆಯಾಕಾರದ ಒಂದು ಗುಣಿ. ಅದರಲ್ಲಿ ಒಂದು ಉಕ್ಕಿನ ಗುಂಡು. ಮೇಲೆ ತೂತುಗಳಿರುವ ಮುಚ್ಚಳ. ಇಷ್ಟೇ ಅದರ ಭಾಗಗಳು. ರೋಗಿ ಊದಿದಾಗ ಗಾಳಿ ಗುಂಡನ್ನು ಮೇಲಕ್ಕೆತ್ತಿ ಹೊರಬೀಳುತ್ತದೆ. ಗಾಳಿ ಹೊರಬಿದ್ದೊಡನೆ ಒತ್ತಡ ಇಳಿದು ಗುಂಡು ತನ್ನ ಭಾರದಿಂದ ಮತ್ತೆ ಕೆಳಗೆ ಕೂರುತ್ತದೆ. ದಾರಿ ಮುಚ್ಚಿದ್ದರಿಂದ ಒತ್ತಡ ಮತ್ತೆ ಏರುತ್ತದೆ; ಗುಂಡು ಮತ್ತೆ ಏಳುತ್ತದೆ. ಈ ಏಳುಬೀಳು ಸೆಕೆಂಡಿಗೆ ಹತ್ತು ಹದಿನೈದು ಬಾರಿ ನಡೆಯುತ್ತದೆ. ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಹಬೆಗೆ ತಟತಟನೆ ಕುಣಿಯುವುದನ್ನು ನೆನೆದುಕೊಂಡರೆ ಇದರ ಮರ್ಮ ತಿಳಿಯುತ್ತದೆ.

ಈ ಕಂಪನ ಬಾಯಿಂದ ಹಿಮ್ಮುಖವಾಗಿ ಶ್ವಾಸನಾಳಗಳವರೆಗೂ ಹರಡುತ್ತದೆ. ಎದೆಯ ಮೇಲೆ ಕೈಯಿಟ್ಟರೆ ಅದು ಹೊರಕ್ಕೂ ತಿಳಿಯುತ್ತದೆ. ಹುಣಸೆಯ ಮರದ ಕೊಂಬೆಯನ್ನು ಅಲುಗಿಸಿದರೆ ಹಣ್ಣು ಉದುರುವಂತೆ, ಗೋಡೆಗೆ ಅಂಟಿದ ಕಫ ಸಡಿಲವಾಗುತ್ತದೆ. ಅಷ್ಟೇ ಅಲ್ಲ, ಗಟ್ಟಿ ಮೊಸರನ್ನು ಕಡೆದರೆ ತೆಳುವಾಗುವಂತೆ, ಕಂಪನದಿಂದ ಕಫದ ಮಂದತನವೂ ಕಡಿಮೆಯಾಗುತ್ತದೆ. ಎಂದರೆ ನಾಳಗಳನ್ನು ತೆರೆದಿಡುವುದು, ಕಫವನ್ನು ಅಲುಗಿಸುವುದು ಎಂಬ ಎರಡು ಕೆಲಸಗಳನ್ನು ಒಂದು ಗುಂಡು ಮಾಡುತ್ತದೆ. ಚಿಲುಮೆಯನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ಓರೆಮಾಡಿ ಕಂಪನದ ವೇಗವನ್ನು ಹೆಚ್ಚು ಕಡಿಮೆ ಮಾಡಬಹುದು. ಆದರೆ ಗುಂಡು ಭೂಮಿಯ ಆಕರ್ಷಣೆಯಿಂದಲೇ ಕೆಳಗೆ ಬೀಳಬೇಕಾದುದರಿಂದ, ಮಲಗಿದವರು ಇದನ್ನು ಬಳಸುವುದು ಕಷ್ಟ. ಈ ಕೊರತೆಯನ್ನು ಅಕಾಪೆಲ್ಲ ಎಂಬ ಮತ್ತೊಂದು ಸಾಧನ ನೀಗಿತು. ಅದರಲ್ಲಿ ಗುಂಡಿನ ಬದಲು ಒಂದು ಸನ್ನೆ ಮತ್ತು ಅಯಸ್ಕಾಂತವಿವೆ. ಉಸಿರು ಸನ್ನೆಯನ್ನು ತಳ್ಳುತ್ತದೆ, ಅಯಸ್ಕಾಂತ ಅದನ್ನು ಮರಳಿ ಎಳೆಯುತ್ತದೆ. ಆದ್ದರಿಂದ ಕುಳಿತಾದರೂ ಮಲಗಿಯಾದರೂ ಊದಬಹುದು. ಇನ್ನು, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದ ವೈದ್ಯ ವಾರೆನ್ ವಾರ್ವಿಕ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಒಂದು ವಿಚಿತ್ರವಾದ ಅಂಗಿಯನ್ನೇ ಸಿದ್ಧಪಡಿಸಿದರು. ಯಂತ್ರವೊಂದು ಆ ಅಂಗಿಯೊಳಕ್ಕೆ ಗಾಳಿಯನ್ನು ಬಿಟ್ಟು ಬಿಟ್ಟು ತುಂಬಿ, ಎದೆಯನ್ನು ಹೊರಗಿನಿಂದ ಬೇಗಬೇಗನೆ ಒತ್ತುತ್ತದೆ. ತಟ್ಟುವ ಕೈಗಳ ಕೆಲಸವನ್ನು ಇಲ್ಲಿ ಗಾಳಿಯೇ ಮಾಡುತ್ತದೆ. ಆದರೆ ಅದರ ಬೆಲೆ ಬಹಳ ಹೆಚ್ಚು.

ಆಸ್ಪತ್ರೆಗಳಲ್ಲಿ ಮೂರು ಬಣ್ಣದ ಗುಂಡುಗಳಿರುವ ಒಂದು ಪಾರದರ್ಶಕ ಸಾಧನವನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅದನ್ನೂ ಫ್ಲಟರನ್ನೂ ಒಂದೇ ಎಂದು ಭಾವಿಸಬಾರದು. ಅದರಲ್ಲಿ ಊದುವುದಲ್ಲ, ಎಳೆದುಕೊಳ್ಳುವುದು ಮುಖ್ಯ. ಸೆಕೆಂಡಿಗೆ 600 ಮಿಲಿಲೀಟರು ವೇಗದಲ್ಲಿ ಗಾಳಿಯನ್ನು ಎಳೆದುಕೊಂಡರೆ ಮೊದಲ ಗುಂಡು, 900ಕ್ಕೆ ಎರಡನೆಯದು, 1200ಕ್ಕೆ ಮೂರನೆಯದು ಮೇಲೇರುತ್ತವೆ. ಶಸ್ತ್ರಚಿಕಿತ್ಸೆಯ ಅನಂತರ ನೋವಿಗೆ ಹೆದರಿ ಮೇಲುಮೇಲೆ ಉಸಿರಾಡುವವರಿಂದ ಆಳವಾಗಿ ಉಸಿರು ತೆಗೆಸುವುದು ಅದರ ಉದ್ದೇಶ. ಕಫವನ್ನು ಅಲುಗಿಸುವ ಕೆಲಸ ಅದರದಲ್ಲ.

ಊದುವ ಸಾಧನಗಳನ್ನು ಬಳಸುವ ಕ್ರಮ ಹೀಗಿದೆ. ರೋಗಿ ಬೆನ್ನು ನೇರವಾಗಿಟ್ಟುಕೊಂಡು, ಮೊಳಕೈಗಳನ್ನು ಮೇಜಿನ ಮೇಲೆ ಊರಿ ಕುಳಿತುಕೊಳ್ಳುತ್ತಾನೆ. ಸಾಧಾರಣಕ್ಕಿಂತ ತುಸು ಆಳವಾಗಿ ಉಸಿರೆಳೆದು ಎರಡು ಮೂರು ಸೆಕೆಂಡು ಹಿಡಿಯುತ್ತಾನೆ. ಅನಂತರ ಕೆನ್ನೆಗಳನ್ನು ಉಬ್ಬಿಸದೆ, ಒಂದೇ ಸಮನಾಗಿ ಸಾಧನದೊಳಕ್ಕೆ ಊದುತ್ತಾನೆ. ಕೆನ್ನೆ ಉಬ್ಬಿದರೆ ಕಂಪನವೆಲ್ಲ ಅಲ್ಲಿಯೇ ಕರಗಿಹೋಗುತ್ತದೆ. ಹೀಗೆ ಹತ್ತು ಬಾರಿ ಊದಿದ ಮೇಲೆ, ಎರಡು ಮೂರು ಸಲ 'ಹಾ' ಎಂದು ಉಸಿರನ್ನು ಹೊರದೂಡಿ, ಮೇಲೆ ಬಂದ ಕಫವನ್ನು ಕೆಮ್ಮಿ ಹೊರಹಾಕುತ್ತಾನೆ. ಸ್ವಲ್ಪ ವಿಶ್ರಮಿಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಾನೆ. ಒಟ್ಟು ಹದಿನೈದು ಇಪ್ಪತ್ತು ನಿಮಿಷಗಳ ಕೆಲಸ. ಸಾಮಾನ್ಯವಾಗಿ ದಿನಕ್ಕೆ ಒಂದೋ ಎರಡೋ ಸಲ.

ಸರಳವಾಗಿ ಕಂಡರೂ ಇದನ್ನು ವೈದ್ಯರ ಇಲ್ಲವೆ ಫಿಸಿಯೊಥೆರಪಿಸ್ಟರ ಮಾರ್ಗದರ್ಶನವಿಲ್ಲದೆ ಆರಂಭಿಸಬಾರದು. ಕಫದಲ್ಲಿ ರಕ್ತ ಕಾಣಿಸಿಕೊಂಡವರು, ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಂಡವರು, ಮುಖಕ್ಕೋ ಕಿವಿಗೋ ಈಚೆಗೆ ಶಸ್ತ್ರಚಿಕಿತ್ಸೆಯಾದವರು ಊದಿದರೆ ಅಪಾಯವಾಗಬಹುದು. ಶುಚಿತ್ವವೂ ಅಷ್ಟೇ ಮುಖ್ಯ. ಸಾಧನವನ್ನು ಬಿಚ್ಚಿ, ಸಾಬೂನು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಬೇಕು. ಸೀಸೆಯ ನೀರನ್ನು ಪ್ರತಿಸಲವೂ ಚೆಲ್ಲಿ ಹೊಸ ನೀರನ್ನು ತುಂಬಬೇಕು. ಒಬ್ಬರ ಸಾಧನವನ್ನು ಇನ್ನೊಬ್ಬರು ಮುಟ್ಟಲೇಬಾರದು. ಶುದ್ಧಿಗೆಂದು ತಂದ ವಸ್ತುವೇ ರೋಗಾಣುಗಳ ಮನೆಯಾದರೆ ಏನು ಪ್ರಯೋಜನ?

ಈ ಎಲ್ಲ ವಿಧಾನಗಳಲ್ಲಿ ಯಾವುದು ಶ್ರೇಷ್ಠ? ಸಂಶೋಧಕರು ಇವುಗಳನ್ನು ಒಂದರೊಡನೊಂದು ಹೋಲಿಸಿ ಅನೇಕ ಪ್ರಯೋಗಗಳನ್ನು ನಡೆಸಿದ್ದಾರೆ. ಒಂದು ವಿಧಾನ ಉಳಿದೆಲ್ಲಕ್ಕಿಂತ ಸ್ಪಷ್ಟವಾಗಿ ಮೇಲೆಂದು ಸಿದ್ಧವಾಗಿಲ್ಲ. ಬೆಲೆಯುಳ್ಳ ಅಂಗಿಯನ್ನು ಧರಿಸಿದವನಿಗೂ, ಸೀಸೆಯ ನೀರಿನಲ್ಲಿ ಗುಳ್ಳೆ ಎಬ್ಬಿಸುವವನಿಗೂ ಫಲ ಬಹುಮಟ್ಟಿಗೆ ನಿಂತಿರುವುದು ನಿತ್ಯದ ಅಭ್ಯಾಸದ ಮೇಲೆಯೇ. ರೋಗಿ ಯಾವುದನ್ನು ಬೇಸರಿಸದೆ ದಿನವೂ ಮಾಡಬಲ್ಲನೋ ಅದೇ ಅವನಿಗೆ ಶ್ರೇಷ್ಠವಾದುದು. ಈ ಸಾಧನಗಳು ರೋಗವನ್ನು ಗುಣಪಡಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಒಮ್ಮೆ ಹಿಗ್ಗಿದ ನಾಳ ಮತ್ತೆ ಮೊದಲಿನಂತಾಗದು. ಆದರೆ ಕಫ ನಿಲ್ಲದಂತೆ ನೋಡಿಕೊಂಡರೆ ಕೆಮ್ಮಿನ ಬಾಧೆ ಕಡಿಮೆಯಾಗುತ್ತದೆ, ಮಾತು ನಡಿಗೆ ನಿದ್ದೆಗಳು ಹಗುರವಾಗುತ್ತವೆ. ಆ ನೆಮ್ಮದಿ ಅಲ್ಪವಾದುದೇನಲ್ಲ.

ಔಷಧಗಳೂ ಈ ಸಾಧನಗಳ ಜೊತೆಗೂಡಿವೆ. ಆಸ್ಟ್ರೇಲಿಯದಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದ್ದ ಕೆಲವರು ಕಡಲ ಅಲೆಗಳ ಮೇಲೆ ಹಲಗೆಯಾಟ ಆಡಿ ಬಂದ ದಿನ ಅವರ ಉಸಿರಾಟ ಹಗುರವಾಗಿರುವುದು ಅಲ್ಲಿನ ವೈದ್ಯರ ಗಮನಕ್ಕೆ ಬಂದಿತು. ಕಡಲಿನ ಉಪ್ಪುನೀರಿನ ತುಂತುರನ್ನು ಉಸಿರಾಡಿದುದೇ ಕಾರಣವಿರಬಹುದೆಂದು ಅವರು ಊಹಿಸಿದರು. ಮಂದವಾದ ಉಪ್ಪುನೀರಿನ ಹಬೆಯನ್ನು ಕೊಟ್ಟು ಪರೀಕ್ಷಿಸಿದಾಗ, ಉಪ್ಪು ನೀರನ್ನು ತನ್ನತ್ತ ಸೆಳೆದು ಲೋಳೆಯನ್ನು ತೆಳುಮಾಡುವುದು ಕಂಡುಬಂದಿತು. ಇದರ ಫಲಿತಾಂಶಗಳು 2006ರಲ್ಲಿ ಪ್ರಕಟವಾದವು. ಆ ರೋಗಕ್ಕೆ ಕಾರಣವಾದ ವಂಶವಾಹಿಯನ್ನು 1989ರಲ್ಲಿಯೇ ಗುರುತಿಸಲಾಗಿತ್ತು. ಅದರ ದೋಷವನ್ನು ನೇರವಾಗಿ ಸರಿದೂಗಿಸುವ ಔಷಧಿಗಳು 2012ರಿಂದ ಈಚೆಗೆ ಬಂದಿವೆ. ಆದರೆ ಅವುಗಳ ಬೆಲೆ ಜನಸಾಮಾನ್ಯರ ಕೈಗೆ ಎಟುಕುವಂಥದಲ್ಲ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ವಿಶೇಷವಾದ ಮಹತ್ತ್ವವಿದೆ. ಭಾರತದ 31 ಕೇಂದ್ರಗಳ 2,195 ಬ್ರಾಂಕಿಯೆಕ್ಟಾಸಿಸ್ ರೋಗಿಗಳನ್ನು ಕುರಿತ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ, ಹಿಂದೆ ಬಂದಿದ್ದ ಕ್ಷಯವೇ ಈ ರೋಗದ ಮೂಲವೆಂದು ತಿಳಿದುಬಂದಿತು. ಕ್ಷಯ ವಾಸಿಯಾಯಿತೆಂದು ಸಂತೋಷಪಟ್ಟ ಮೇಲೆಯೂ ಅದು ಬಿಟ್ಟುಹೋದ ಗಾಯ ಉಳಿಯುತ್ತದೆ. ಆದ್ದರಿಂದ ಕ್ಷಯವನ್ನು ಬೇಗ ಗುರುತಿಸಿ, ಔಷಧಿಯನ್ನು ನಡುವೆ ನಿಲ್ಲಿಸದೆ ಪೂರ್ತಿಯಾಗಿ ಸೇವಿಸುವುದು ಮೊದಲ ರಕ್ಷಣೆ. ಹೊಗೆಯಿಂದ ದೂರವಿರುವುದು ಎರಡನೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಅಸ್ತ್ರ ಒಲೆ, ಸೌದೆಯನ್ನು ಉಳಿಸುವುದರ ಜೊತೆಗೆ ಹೊಗೆಯನ್ನು ಅಡುಗೆಮನೆಯಿಂದ ಹೊರಕ್ಕೆ ಕಳುಹಿಸಿ, ಕರ್ನಾಟಕದ ಎಷ್ಟೋ ಮನೆಗಳ ಉಸಿರನ್ನು ಹಗುರ ಮಾಡಿತು. ಕಫವನ್ನು ಹೊರಹಾಕುವ ಸಾಧನ ಎಷ್ಟೇ ಒಳ್ಳೆಯದಾಗಿರಲಿ, ಅದನ್ನು ಬಳಸುವ ಅಗತ್ಯವೇ ಬಾರದಿರುವುದು ಅದಕ್ಕಿಂತ ಒಳ್ಳೆಯದು.

ಆರೋಗ್ಯವಂತನು ಉಸಿರಾಡುವಾಗ ಅದರ ಕಡೆಗೆ ಗಮನ ಕೊಡುವುದಿಲ್ಲ. ಶ್ವಾಸಕೋಶದ ರೋಗಿಯಾದರೋ ಪ್ರತಿದಿನವೂ ತನ್ನ ಉಸಿರಿನ ಹಾದಿಯನ್ನು ತಾನೇ ಗುಡಿಸಿ, ದಿನದ ಕೆಲಸವನ್ನು ಆರಂಭಿಸಬೇಕಾಗುತ್ತದೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಹಿರಿಯರೊಬ್ಬರು ಮುಂಜಾನೆ ಬಹಳ ಹೊತ್ತು ಕೆಮ್ಮುತ್ತ ಕುಳಿತಿದ್ದರೆ ಮುಖ ಸಿಂಡರಿಸಬೇಡಿ. ಅವರು ಒಂದು ಕಷ್ಟದ ಕೆಲಸದಲ್ಲಿ ತೊಡಗಿದ್ದಾರೆಂದು ತಿಳಿಯಿರಿ. ಕುಡಿಯಲು ಬೆಚ್ಚನೆಯ ನೀರನ್ನು ತಂದುಕೊಡಿ. ವೈದ್ಯರಲ್ಲಿಗೆ ಹೋಗಿ ಈ ಸಾಧನಗಳ ವಿಚಾರವನ್ನು ಕೇಳುವಂತೆ ಹೇಳಿ. ಸೀಸೆಯ ನೀರಿನಲ್ಲಿ ಏಳುವ ಗುಳ್ಳೆಗಳು ಅವರಿಗೆ ಒಂದು ರಾತ್ರಿಯ ನೆಮ್ಮದಿಯ ನಿದ್ದೆಯನ್ನು ತಂದುಕೊಟ್ಟರೂ ನಿಮ್ಮ ಮಾತು ಸಾರ್ಥಕವಾದಂತೆ.